ಆರು ವರ್ಷದ ಹುಡುಗಿಯ ತಲೆಗೆ ಬಂದದ್ದು ಹೊಟ್ಟಲ್ಲ

ಹುಡುಗಿಗೆ ಆರು ವರ್ಷ. ಒಂದನೇ ಕ್ಲಾಸು. ತೂಕ 18 ಕಿಲೋ. ತಲೆಯ ಹಿಂಭಾಗದಲ್ಲಿ, ಬಲಗಿವಿಗಿಂತ ಸ್ವಲ್ಪ ಮೇಲೆ, ನಾಲ್ಕು ಸೆಂಟಿಮೀಟರ್ ಅಗಲದ ಮೆತ್ತನೆಯ ಊತ. ಊತದ ಮೇಲೆ ಕೂದಲಿಲ್ಲ, ಹಳದಿ ಹಕ್ಕಳೆ ಕಟ್ಟಿದೆ. ಮೆಲ್ಲಗೆ ಒತ್ತಿದರೆ ಒಂದು ಕಡೆಯಿಂದಲ್ಲ, ಹತ್ತಾರು ಸಣ್ಣ ತೂತುಗಳಿಂದ ಕೀವು ಬರುತ್ತದೆ. ಅಮ್ಮನ ಕೈಯಲ್ಲಿ ಎರಡು ಚೀಟಿಗಳಿದ್ದವು. ಹಳೆಯದರಲ್ಲಿ 'ತಲೆಹೊಟ್ಟು' ಎಂದಿತ್ತು. ಹೊಸದರಲ್ಲಿ 'ಕುರ, ಕೊಯ್ದು ಕೀವು ತೆಗೆಯಬೇಕು' ಎಂದಿತ್ತು.

ಎರಡೂ ಅಲ್ಲ. ಅದು ತಲೆಯ ಗಜಕರ್ಣ, ಫಂಗಸ್‌ನಿಂದ ಬರುವ ಚರ್ಮರೋಗ. ವೈದ್ಯರು ಇದನ್ನು ಟೀನಿಯಾ ಕ್ಯಾಪಿಟಿಸ್ ಎನ್ನುತ್ತಾರೆ. ಅದು ಕೆರಳಿ ಕೀವು ತುಂಬಿ ಊದಿಕೊಂಡರೆ ಕೇರಿಯಾನ್ ಎಂಬ ಹೆಸರು. ಉಡುಪಿಯಲ್ಲಿ ಚರ್ಮದ ಡಾಕ್ಟರಾಗಿ ಮಳೆಗಾಲದಲ್ಲಿ ಇಂಥ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಈ ಮಗುವಿನ ವಿಷಯವನ್ನು ಪೂರ್ತಿ ಬರೆಯಲು ಕಾರಣ, ದಾರಿ ತಪ್ಪಬಹುದಾದ ಎಲ್ಲ ತಿರುವಿನಲ್ಲೂ ಇದು ತಪ್ಪಿತ್ತು. ಮನೆಯವರ ಒಪ್ಪಿಗೆ ಇದೆ. ಹೆಸರು, ಊರು ಬೇಡ. ಅಜ್ಜಿ ಕರೆಯುವ ಹಾಗೆ ಪುಟ್ಟಿ ಎಂದೇ ಕರೆಯುತ್ತೇನೆ.

ಮೇ ತಿಂಗಳಿಂದ ಆಗಸ್ಟ್‌ವರೆಗೆ

ಮನೆ ಕಾಪು ತಾಲೂಕಿನಲ್ಲಿ. ಮಲ್ಲಿಗೆ ತೋಟವಿದೆ. ಬೆಳಿಗ್ಗೆ ಅಮ್ಮನಿಗೆ ಮೊಗ್ಗು ಕೊಯ್ದು ಕಟ್ಟಿ ಕಳಿಸುವ ಗಡಿಬಿಡಿ. ಹಾಗಾಗಿ ಮಕ್ಕಳ ತಲೆ ಬಾಚುವ ಕೆಲಸ ಅಜ್ಜಿಯದ್ದು. ಅಪ್ಪ ದುಬೈಯಲ್ಲಿದ್ದಾರೆ.

ಮೇ ರಜೆಯಲ್ಲಿ ಪುಟ್ಟಿ ಮತ್ತು ಅವಳ ತಮ್ಮ ಕಾರ್ಕಳದ ಕಡೆ ಅಮ್ಮನ ತವರಿಗೆ ಹೋಗಿದ್ದರು. ಅಲ್ಲಿ ಮಾವನ ಮಕ್ಕಳು, ಚಿಕ್ಕಮ್ಮನ ಮಕ್ಕಳು ಎಲ್ಲ ಸೇರಿ ಮನೆ ತುಂಬಾ ಮಕ್ಕಳು. ವಾಪಸ್ ಬರುವಾಗ ಪುಟ್ಟಿಯ ತಲೆಯಲ್ಲಿ ಒಂದು ಕಡೆ ಬಿಳಿ ಪುಡಿ ಉದುರುತ್ತಿತ್ತು, ಸ್ವಲ್ಪ ತುರಿಕೆಯೂ ಇತ್ತು. ಅಜ್ಜಿ ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚಿದರು. ಅಮ್ಮ ತನ್ನ ಹೊಟ್ಟಿನ ಶಾಂಪೂ ಹಾಕಿದರು. ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಳೆಯೂ ಹಿಡಿಯಿತು. ಒದ್ದೆ ತಲೆಗೇ ಎರಡು ಜಡೆ, ಅದರ ಮೇಲೆ ರೈನ್‌ಕೋಟಿನ ಟೊಪ್ಪಿ. ಪುಡಿ ಉದುರುವ ಜಾಗದಲ್ಲಿ ಕೂದಲು ತೆಳ್ಳಗಾಯಿತು.

ಆಗ ಒಂದು ಮೆಡಿಕಲ್‌ನಿಂದ ಟ್ಯೂಬ್ ಬಂತು. ಆ ಟ್ಯೂಬ್ ಈ ಕಥೆಯ ಮುಖ್ಯ ಪಾತ್ರ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಟ್ಯೂಬಿನಲ್ಲಿ ಜೋರಿನ ಸ್ಟೆರಾಯ್ಡ್, ಬ್ಯಾಕ್ಟೀರಿಯಾದ ಮದ್ದು, ಫಂಗಸ್ ಮದ್ದು, ಮೂರೂ ಇರುತ್ತದೆ. ಯಾವ ರೋಗವಾದರೂ ಯಾವುದಾದರೊಂದು ತಾಗಲಿ ಎಂಬ ಲೆಕ್ಕಾಚಾರ. ಹಚ್ಚಿದ ಎರಡು ಮೂರು ದಿನಕ್ಕೆ ಪುಟ್ಟಿಯ ತುರಿಕೆ ನಿಂತಿತು, ಕೆಂಪು ಹೋಯಿತು. ಎಲ್ಲರಿಗೂ ಖುಷಿ. ಆದರೆ ಸ್ಟೆರಾಯ್ಡ್ ಮಾಡಿದ್ದು ಇಷ್ಟೇ: ಫಂಗಸ್ ವಿರುದ್ಧ ಚರ್ಮ ಮಾಡುತ್ತಿದ್ದ ಗಲಾಟೆಯನ್ನು ಅಡಗಿಸಿತು. ಫಂಗಸ್ ಆರಾಮಾಗಿ ಬೆಳೆಯಿತು. ಮುಲಾಮು ನಿಲ್ಲಿಸಿದ ಕೂಡಲೇ ಎರಡು ಪಟ್ಟು ಜೋರಾಗಿ ಮರಳಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಬೇಕಾದ ಮದ್ದುಗಳ ಪಟ್ಟಿಗೆ ಸೇರಿಸಿತು. ಪಟ್ಟಿ ಇದೆ, ಟ್ಯೂಬ್ ಇನ್ನೂ ಕೇಳಿದರೆ ಸಿಗುತ್ತದೆ.

ಜುಲೈಯಲ್ಲಿ ಜಾಗ ಊದಿಕೊಂಡಿತು, ಕೀವು ಕಂಡಿತು. ಒಂದು ಕಡೆ ಆ್ಯಂಟಿಬಯೊಟಿಕ್ ಸಿರಪ್ ಕೊಟ್ಟರು. ಹೆಚ್ಚೇನೂ ಬದಲಾಗಲಿಲ್ಲ. ಇನ್ನೊಂದು ಕಡೆ ಕೊಯ್ಯಬೇಕೆಂದರು. ಕೊಯ್ಯುವ ಮಾತು ಕೇಳಿ ಅಮ್ಮ ಹೆದರಿ ನಮ್ಮಲ್ಲಿಗೆ ಬಂದರು.

ಮೊದಲು ವಯಸ್ಸು ಕೇಳಿ

ಮಕ್ಕಳ ತಲೆಯಲ್ಲಿ ಪುಡಿ ಉದುರಿದರೆ ನಾನು ಮೊದಲು ನೋಡುವುದು ಪುಡಿಯನ್ನಲ್ಲ, ಮಗುವಿನ ವಯಸ್ಸನ್ನು. ಕಾರಣ ತಲೆಯ ಚರ್ಮದಲ್ಲಿರುವ ಎಣ್ಣೆ ಗ್ರಂಥಿಗಳು. ತಲೆಹೊಟ್ಟಿಗೆ ಈ ಎಣ್ಣೆ ಬೇಕು, ಅದನ್ನು ತಿಂದು ಬದುಕುವ ಯೀಸ್ಟ್ ಹೊಟ್ಟಿನ ಹಿಂದಿರುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳು ಅಮ್ಮನಿಂದ ಬಂದ ಹಾರ್ಮೋನಿನ ಪ್ರಭಾವದಿಂದ ಗ್ರಂಥಿಗಳು ಜೋರಾಗಿರುತ್ತವೆ. ಎಳೆಮಕ್ಕಳ ನೆತ್ತಿಯಲ್ಲಿ ಜಿಡ್ಡು ಜಿಡ್ಡಾದ ಹಳದಿ ಹಕ್ಕಳೆ ಕೂರುವುದು ಆಗಲೇ. ಆಮೇಲೆ ಗ್ರಂಥಿಗಳು ನಿದ್ದೆ ಹೋಗುತ್ತವೆ. ಮತ್ತೆ ಏಳುವುದು ಮಕ್ಕಳು ದೊಡ್ಡವರಾಗುವ ಹೊತ್ತಿಗೆ.

ನಡುವೆ, ಸುಮಾರು ಮೂರರಿಂದ ಹತ್ತು ವರ್ಷದೊಳಗೆ, ನಿಜವಾದ ಹೊಟ್ಟು ಕಡಿಮೆ. ಅದೇ ಹೊತ್ತಿಗೆ ಗಜಕರ್ಣಕ್ಕೆ ಬಾಗಿಲು ತೆರೆದಿರುತ್ತದೆ. ದೊಡ್ಡವರ ತಲೆಯ ಎಣ್ಣೆಯಲ್ಲಿರುವ ಕೆಲವು ಆಮ್ಲಗಳು ಈ ಫಂಗಸ್ಸನ್ನು ತಡೆಯುತ್ತವೆ, ಮಕ್ಕಳಿಗೆ ಆ ರಕ್ಷಣೆ ಇರುವುದಿಲ್ಲ. ಆರು ವರ್ಷದ ಮಗುವಿಗೆ ಒಂದೇ ಜಾಗದಲ್ಲಿ ಪುಡಿ ಉದುರುತ್ತಿದ್ದರೆ, ಅಲ್ಲಿ ಕೂದಲೂ ಮುರಿಯುತ್ತಿದ್ದರೆ, ಅದು ಫಂಗಸ್ ಎಂದೇ ಹಿಡಿದು ಪರೀಕ್ಷೆ ಮಾಡಬೇಕು. 'ಮಕ್ಕಳಿಗೂ ಹೊಟ್ಟು ಬರ್ತದೆ ಅಲ್ವಾ?' ಎಂದು ಕೇಳುವವರಿಗೆ ನನ್ನ ಉತ್ತರ: ಬರುತ್ತದೆ, ಆದರೆ ಹೊಟ್ಟು ಕೂದಲನ್ನು ಮುರಿಯುವುದಿಲ್ಲ.

ಎಳೆಮಗುವಿನ ಹಕ್ಕಳೆಗೆ ಗಾಬರಿ ಬೇಡ. ಮೀಯಿಸುವ ಸ್ವಲ್ಪ ಹೊತ್ತು ಮೊದಲು ಎಣ್ಣೆ ಹಚ್ಚಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಮೆಲ್ಲಗೆ ಸಡಿಲಿಸಿ, ಮಕ್ಕಳ ಶಾಂಪೂ ಹಾಕಿ ಎಣ್ಣೆ ಪೂರ್ತಿ ಹೋಗುವ ಹಾಗೆ ತೊಳೆದರೆ ಸಾಕು. ಹೆಚ್ಚಿನ ಮಕ್ಕಳಿಗೆ ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ಉಗುರಿನಿಂದ ಕಿತ್ತು ಗಾಯ ಮಾಡಬಾರದು ಅಷ್ಟೇ.

ಕುರ್ಚಿಯಲ್ಲಿ ಕೂರಿಸಿ ನೋಡಿದ್ದು

ಪುಟ್ಟಿ ಮೊದಲು ತಲೆ ಮುಟ್ಟಲು ಬಿಡಲಿಲ್ಲ. ಕೊಯ್ಯುತ್ತಾರೆ ಎಂದು ಯಾರೋ ಹೇಳಿದ್ದರಲ್ಲ. ನನ್ನ ಕೈಯಲ್ಲಿ ಚಿಮುಟ ಬಿಟ್ಟು ಏನೂ ಇಲ್ಲ ಎಂದು ತೋರಿಸಿದ ಮೇಲೆ ಅಜ್ಜಿಯ ಮಡಿಲಲ್ಲಿ ಕೂತಳು.

ಊತದ ಅಂಚಿನ ಕೂದಲನ್ನು ಚಿಮುಟದಲ್ಲಿ ಹಿಡಿದು ಎಳೆದೆ. ಸಲೀಸಾಗಿ ಬಂತು, ಅವಳಿಗೆ ಗೊತ್ತೇ ಆಗಲಿಲ್ಲ. ಇದು ದೊಡ್ಡ ಸುಳಿವು. ಬರೀ ಕುರವಾಗಿದ್ದರೆ ಅದರ ಮೇಲಿನ ಕೂದಲು ಗಟ್ಟಿಯಾಗಿರುತ್ತದೆ, ಎಳೆದರೆ ಮಗು ಕಿರುಚುತ್ತದೆ. ಊತದ ಸುತ್ತ ಬೆಳಕು ಹಿಡಿದಾಗ ಕಪ್ಪು ಚುಕ್ಕಿಗಳು ಕಂಡವು. ಅವು ಕೊಳೆಯಲ್ಲ, ಚರ್ಮದ ಮಟ್ಟದಲ್ಲೇ ಮುರಿದುಹೋದ ಕೂದಲಿನ ಬುಡಗಳು. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದರೆ ಅಲ್ಪವಿರಾಮದಂತೆ ಬಾಗಿದ, ಸುರುಳಿ ಸುತ್ತಿದ ಗಿಡ್ಡ ಕೂದಲುಗಳು. ಕುತ್ತಿಗೆಯ ಹಿಂದೆ ಗಂಟುಗಳು ಕೈಗೆ ಸಿಕ್ಕವು. ಜ್ವರ ಇರಲಿಲ್ಲ.

ಬೇರೆ ಏನಾದರೂ ಇರಬಹುದೇ ಎಂದು ನೋಡಲೇಬೇಕು. ಮಕ್ಕಳ ತಲೆಯಲ್ಲಿ ದಿಢೀರನೆ ದುಂಡಗೆ ಕೂದಲು ಉದುರುವ ಇನ್ನೊಂದು ತೊಂದರೆ ಇದೆ, ಅಲೋಪೇಶಿಯಾ ಏರಿಯೇಟಾ. ಅದರಲ್ಲಿ ಚರ್ಮ ನುಣ್ಣಗಿರುತ್ತದೆ, ಪುಡಿಯೂ ಇಲ್ಲ, ಕೀವೂ ಇಲ್ಲ. ಮಗು ತಾನೇ ಕೂದಲು ಕಿತ್ತುಕೊಳ್ಳುತ್ತಿದ್ದರೆ ಒಂದೇ ಜಾಗದಲ್ಲಿ ಉದ್ದ ಗಿಡ್ಡ ಕೂದಲು ಕಲಸಿಕೊಂಡಿರುತ್ತದೆ. ಸೋರಿಯಾಸಿಸ್‌ನ ಪದರ ದಪ್ಪ, ಬೆಳ್ಳಿ ಬಣ್ಣ. ಪುಟ್ಟಿಯಲ್ಲಿ ಇವು ಯಾವುದೂ ಇರಲಿಲ್ಲ.

ಹೇನು ಮಾತ್ರ ಇತ್ತು. ಕಿವಿಯ ಹಿಂದೆ, ಕುತ್ತಿಗೆಯ ಮೇಲಿನ ಕೂದಲಲ್ಲಿ ಸೀರು. ಶಾಲೆಗೆ ಹೋಗುವ ಮಕ್ಕಳಲ್ಲಿ ಇದೇನು ಅಪರೂಪವಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಪುಡಿಯನ್ನೂ ಸೀರನ್ನೂ ಬೇರೆ ಮಾಡಲು ಉಗುರು ಸಾಕು. ಎರಡು ಉಗುರಿನ ನಡುವೆ ಕೂದಲನ್ನು ಹಿಡಿದು ಎಳೆಯಿರಿ. ಪುಡಿ ಜಾರಿ ಬೀಳುತ್ತದೆ. ಸೀರು ಅಂಟಿಕೊಂಡೇ ಇರುತ್ತದೆ, ಅದೂ ಕೂದಲಿನ ಒಂದು ಬದಿಗೆ ಓರೆಯಾಗಿ. ಹೇನಿನ ಗಾಯ ಕೆರೆದು ಕೀವಾದರೂ ಕುತ್ತಿಗೆ ಹಿಂದೆ ಗಂಟು ಬರುತ್ತದೆ, ಅದಕ್ಕೇ ಎರಡೂ ಇದ್ದಾಗ ಗೊಂದಲ. ಆದರೆ ಹೇನು ಅಂಗೈಯಗಲ ಕೂದಲನ್ನು ಬುಡದಲ್ಲಿ ಮುರಿಯುವುದಿಲ್ಲ.

ಬೆಕ್ಕಿನ ಮೇಲೆ ಬಂದ ಅಪವಾದ

ಮನೆಯಲ್ಲಿ ಒಂದು ಬೆಕ್ಕಿನ ಮರಿ ಇತ್ತು. ಅದರಿಂದಲೇ ಬಂದದ್ದು ಎಂದು ನೆರೆಯವರು ತೀರ್ಪು ಕೊಟ್ಟಿದ್ದರು. ಮರಿಯನ್ನು ಮಲ್ಪೆ ಬಂದರಿನ ಹತ್ತಿರ ಬಿಟ್ಟೂ ಬಂದಾಗಿತ್ತು.

ಅನುಮಾನ ಪೂರ್ತಿ ಸುಳ್ಳೇನಲ್ಲ. ಬೆಕ್ಕು, ನಾಯಿಯಿಂದ ಮಕ್ಕಳಿಗೆ ಹರಡುವ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಫಂಗಸ್ ಇದೆ. ಅದು ಹಿಡಿದ ಕೂದಲಿನ ಮೇಲೆ ಕತ್ತಲೆ ಕೋಣೆಯಲ್ಲಿ ವುಡ್ಸ್ ದೀಪ ಎಂಬ ಅತಿನೇರಳೆ ಬೆಳಕಿನ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಪುಟ್ಟಿಯ ತಲೆಯ ಮೇಲೆ ಹಿಡಿದೆ. ಹೊಳೆಯಲಿಲ್ಲ. ಕಿತ್ತ ಕೂದಲಿನ ಬುಡವನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಕೂದಲಿನ ಹೊರಗೆ ಏನೂ ಇಲ್ಲ, ಒಳಗೆ ಫಂಗಸ್ ಬೀಜಕಣಗಳು ಕಿಕ್ಕಿರಿದಿದ್ದವು. ಒಳಗೆ ಹೀಗೆ ತುಂಬಿಕೊಳ್ಳುವುದು ಟ್ರೈಕೋಫೈಟನ್ ಗುಂಪಿನ ಕೆಲವು ಫಂಗಸ್‌ಗಳು, ಅವು ಹರಡುವುದು ಮನುಷ್ಯರಿಂದ ಮನುಷ್ಯರಿಗೆ. ಅಂದರೆ ಬೆಕ್ಕು ನಿರಪರಾಧಿ. ಈ ಪರೀಕ್ಷೆಗೆ ಅರ್ಧ ಗಂಟೆ ಹಿಡಿಯಿತು, ಅಷ್ಟೇ. ಮೇ ತಿಂಗಳಲ್ಲೇ ಮಾಡಿಸಿದ್ದರೆ ಮರಿಯೂ ಮನೆಯಲ್ಲೇ ಇರುತ್ತಿತ್ತು.

ಕಲ್ಚರ್‌ಗೂ, ಅಂದರೆ ಫಂಗಸ್ಸನ್ನು ಬೆಳೆಸಿ ಯಾವುದೆಂದು ಗುರುತಿಸುವ ಪರೀಕ್ಷೆಗೂ, ಮಾದರಿ ಕಳಿಸಿದೆವು. ಅದು ಬೆಳೆಯಲು ವಾರಗಟ್ಟಲೆ ಬೇಕು, ಕೇರಿಯಾನ್ ಇರುವಾಗ ಅದಕ್ಕೆ ಕಾಯುವ ಹಾಗಿಲ್ಲ.

ಹಾಗಾದರೆ ಯಾರಿಂದ ಬಂತು? ತಮ್ಮನ ತಲೆ ನೋಡಿದೆ, ಸರಿಯಿತ್ತು. ಅಜ್ಜಿಮನೆಯಲ್ಲಿ ಬೇರೆ ಯಾವ ಮಗುವಿಗಾದರೂ ತಲೆಯಲ್ಲಿ ಪುಡಿ ಇತ್ತೇ ಎಂದು ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, 'ಅಣ್ಣನ ಮಗನಿಗೆ ಯಾವಾಗ್ಲೂ ಇರ್ತದೆ, ಅವನಿಗೇನೂ ಆಗುದಿಲ್ಲ' ಎಂದರು. ರಜೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಾಚಣಿಗೆ, ಸಾಲಾಗಿ ಒಂದೇ ಚಾಪೆಯಲ್ಲಿ ಮಲಗುವುದು. ಆ ಹುಡುಗನನ್ನು ಕರೆತರಲು ಹೇಳಿದೆ.

ಮುಲಾಮು ಯಾಕೆ ಸಾಲದು

ಮೈಮೇಲಿನ ಗಜಕರ್ಣಕ್ಕೆ ಹಚ್ಚುವ ಮದ್ದು ನಡೆಯುತ್ತದೆ, ತಲೆಗೆ ನಡೆಯುವುದಿಲ್ಲ. ಇಲ್ಲಿ ಫಂಗಸ್ ಇರುವುದು ಚರ್ಮದ ಮೇಲಲ್ಲ, ಕೂದಲಿನ ಒಳಗೆ, ಬುಡದ ತನಕ. ಗೆದ್ದಲು ಒಳಗಿಂದ ತಿಂದ ಕಿಟಕಿಯ ಚೌಕಟ್ಟಿಗೆ ಹೊರಗಿಂದ ಬಣ್ಣ ಬಳಿದ ಹಾಗಾಗುತ್ತದೆ. ಮದ್ದು ರಕ್ತದ ಮೂಲಕ ಕೂದಲಿನ ಬುಡಕ್ಕೆ ಹೋಗಬೇಕು, ಹಾಗಾಗಿ ನುಂಗುವ ಮಾತ್ರೆಯೇ ಬೇಕು.

ನಾನು ಕೊಟ್ಟಿದ್ದು ಗ್ರಿಸಿಯೋಫುಲ್ವಿನ್. ಕಿಲೋಗೆ ಸುಮಾರು 20 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 375 ಮಿಲಿಗ್ರಾಂ. ಕಡಿಮೆ ಎಂದರೂ ಆರರಿಂದ ಎಂಟು ವಾರ. ಇದು ಜಿಡ್ಡಿನ ಜೊತೆ ಹೋದರೆ ಮಾತ್ರ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಬರೀ ಗಂಜಿಯ ಜೊತೆ ಕೊಡಬೇಡಿ, ಗಂಜಿಗೆ ಒಂದು ಚಮಚ ತುಪ್ಪ ಬೀಳಲಿ, ಇಲ್ಲವೇ ಕೆನೆಹಾಲಿನ ಜೊತೆ ಕೊಡಿ ಎಂದೆ. ಅಜ್ಜಿಗೆ ಇದೊಂದು ಮಾತು ಬಹಳ ಹಿಡಿಸಿತು. ಬೇರೆ ಡಾಕ್ಟರು ಟರ್ಬಿನಾಫಿನ್ ಕೊಡಬಹುದು. ಟ್ರೈಕೋಫೈಟನ್‌ಗೆ ಅದೂ ಒಳ್ಳೆಯ ಮದ್ದೇ, ನಾಲ್ಕು ವಾರದಲ್ಲಿ ಮುಗಿಯುತ್ತದೆ. ಕಲ್ಚರ್ ಬರುವ ಮೊದಲು ನನಗೆ ಗ್ರಿಸಿಯೋಫುಲ್ವಿನ್ ಮೇಲೆ ಭರವಸೆ ಜಾಸ್ತಿ, ಮೈಕ್ರೋಸ್ಪೋರಮ್, ಟ್ರೈಕೋಫೈಟನ್ ಎರಡೂ ಗುಂಪಿನ ಫಂಗಸ್‌ಗೆ ತಾಗುತ್ತದೆ. ಈ ಲೆಕ್ಕ ಈ ಮಗುವಿನದ್ದು. ಇದನ್ನು ಓದಿ ನಿಮ್ಮ ಮಗುವಿಗೆ ಮಾತ್ರೆ ತರಬೇಡಿ.

ಹಳೆಯ ಮಾತ್ರೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1939ರಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಿದ ಇದು ರೋಗಿಗಳ ಕೈಗೆ ಸಿಕ್ಕಿದ್ದು 1950ರ ದಶಕದ ಕೊನೆಗೆ. ಅದಕ್ಕೂ ಮೊದಲು ಹಲವು ದೇಶಗಳಲ್ಲಿ ಮಕ್ಕಳ ತಲೆಗೆ ಎಕ್ಸ್-ರೇ ಬಿಟ್ಟು ಕೂದಲು ಉದುರಿಸುತ್ತಿದ್ದರು. ಅಂಥವರಲ್ಲಿ ಕೆಲವರಿಗೆ ದಶಕಗಳ ನಂತರ ಮೆದುಳಿನ, ಥೈರಾಯ್ಡಿನ ಗಡ್ಡೆಗಳು ಬಂದವು.

ಊತವನ್ನು ಕೊಯ್ಯಲಿಲ್ಲ. ಕೇರಿಯಾನ್‌ನ ಕೀವು ಹೆಚ್ಚಾಗಿ ಬ್ಯಾಕ್ಟೀರಿಯಾದ್ದಲ್ಲ, ಫಂಗಸ್ ವಿರುದ್ಧ ಮೈ ಸಿಡಿದೆದ್ದ ಗುರುತು. ಕೊಯ್ದರೆ ಕಲೆ ಉಳಿಯುತ್ತದೆ, ರೋಗ ಉಳಿದೇ ಇರುತ್ತದೆ. ಉಗುರು ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು ಹಕ್ಕಳೆ ಮೆತ್ತಗೆ ಮಾಡಿ ತೆಗೆಯಲು ಹೇಳಿದೆ. ತಲೆ ಬೋಳಿಸಲು ಹೇಳಲಿಲ್ಲ, ಅದರಿಂದ ಲಾಭವಿಲ್ಲ, ಮಗುವಿಗೆ ಅವಮಾನ ಮಾತ್ರ.

ಕೀಟೋಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ನೊರೆ ಮಾಡಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಇದು ರೋಗ ಗುಣಪಡಿಸಲು ಅಲ್ಲ, ಬೀಜಕಣ ಬೇರೆಯವರಿಗೆ ಹರಡುವುದನ್ನು ಕಡಿಮೆ ಮಾಡಲು. ಹಾಗಾಗಿ ಮನೆಯವರೆಲ್ಲರಿಗೂ, ಅಜ್ಜಿಗೂ. ಹೇನಿಗೆ 1% ಪರ್ಮೆಥ್ರಿನ್ ಇದೆ, ಆದರೆ ಗಾಯವಾದ ತಲೆಗೆ ಅದು ಬೇಡ ಎಂದು ಸೀರಣಿಗೆಯಲ್ಲಿ ಬಾಚಲು ಹೇಳಿದೆ. ಗಾಯ ಒಣಗಿದ ಮೇಲೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು, ವಾರ ಕಳೆದು ಇನ್ನೊಮ್ಮೆ ಹಚ್ಚಿದರು. ಎರಡನೇ ಸಲ ಬಿಟ್ಟರೆ ಉಳಿದ ಸೀರು ಒಡೆದು ಮತ್ತೆ ಹೇನು. ಹೆಚ್ಚಿನವರು ತಪ್ಪುವುದು ಅಲ್ಲೇ.

ಎಣ್ಣೆಯ ಜಗಳ

ಗಾಯ ಮಾಯುವವರೆಗೆ ಎಣ್ಣೆ ಬೇಡ ಎಂದದ್ದೇ ತಡ, ಅಜ್ಜಿ ಸೆಟೆದರು. 'ಎಂತ ಡಾಕ್ಟ್ರೆ, ಎಣ್ಣೆ ಹಾಕದೆ ಮಕ್ಕಳ ತಲೆ ಒಣಗುದಿಲ್ವಾ? ನಾವೆಲ್ಲ ಎಣ್ಣೆಯಲ್ಲೇ ಬೆಳೆದವರು.' ನಾನು ಎಣ್ಣೆಯ ವಿರೋಧಿಯಲ್ಲ. ನಮ್ಮ ಊರಲ್ಲಿ ಹಾಗೆಂದರೆ ಮನೆಗೆ ಸೇರಿಸುವುದಿಲ್ಲ. ಆರೋಗ್ಯವಾದ ತಲೆಗೆ ಹಚ್ಚಿ, ಮಿಂದು ತೊಳೆದುಕೊಳ್ಳಿ, ತೊಂದರೆ ಇಲ್ಲ. ಕೀವು ಸೋರುವ ಜಾಗದ ಮೇಲೆ ಎಣ್ಣೆ ಬಿದ್ದರೆ ಹಕ್ಕಳೆ ಅಂಟಾಗಿ ಕೂರುತ್ತದೆ, ಅದನ್ನು ಉಜ್ಜುವ ಬೆರಳೇ ಬೇರೆ ಮಗುವಿನ ತಲೆಗೂ ಹೋಗುತ್ತದೆ. ಹೀಗೆ ಹೇಳಿದಾಗ ಒಪ್ಪಿದರು. ಒಂದು ಕರಾರು ಹಾಕಿದರು: ತಮ್ಮನಿಗೆ ಹಚ್ಚುತ್ತೇನೆ. ಆಗಲಿ, ಬೇರೆ ಬಾಚಣಿಗೆ ಇರಲಿ ಎಂದೆ. ಹಳೆಯ ಬಾಚಣಿಗೆ, ಕ್ಲಿಪ್ಪು, ರಿಬ್ಬನ್ ಎಸೆದರು. ತಲೆದಿಂಬಿನ ಕವರು, ಬೈರಾಸು ಬಿಸಿನೀರಿಗೆ ಹೋದವು.

ಶಾಲೆಯದ್ದು ಬೇರೆ ತಲೆನೋವು. ಪೂರ್ತಿ ಗುಣವಾಗುವ ತನಕ ಕಳಿಸಬೇಡಿ ಎಂದಿದ್ದರಂತೆ. ಪೂರ್ತಿ ಕೂದಲು ಬರಲು ತಿಂಗಳುಗಳು ಬೇಕು, ಅಲ್ಲಿಯ ತನಕ ಮಗು ಮನೆಯಲ್ಲಿ ಕೂತರೆ ಹೇಗೆ? ಮಾತ್ರೆ, ಶಾಂಪೂ ಶುರುವಾದ ಮೇಲೆ ಶಾಲೆಗೆ ಹೋಗಬಹುದು, ಟೊಪ್ಪಿ ಬಾಚಣಿಗೆ ಹಂಚಿಕೊಳ್ಳದಿದ್ದರೆ ಸಾಕು ಎಂದು ಚೀಟಿ ಬರೆದುಕೊಟ್ಟೆ. ಕ್ಲಾಸಿನಲ್ಲಿ ಬೇರೆ ಮಕ್ಕಳಿಗೆ ಪುಡಿ ಇದ್ದರೆ ನೋಡಿ ಎಂದೂ ಸೇರಿಸಿದೆ. ಟೀಚರು ಓದಿ ಒಪ್ಪಿಕೊಂಡರು.

ಎರಡನೇ ವಾರದ ಫೋನು

ಮಾತ್ರೆ ಶುರುವಾಗಿ ಒಂದು ವಾರ ಕಳೆದ ಮೇಲೆ ಅಮ್ಮನ ಫೋನು. ಕಿವಿ, ಕುತ್ತಿಗೆ, ಬೆನ್ನಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ತುರಿಕೆ. ಮದ್ದಿನ ಅಲರ್ಜಿ ಎಂದು ಮಾತ್ರೆ ನಿಲ್ಲಿಸಿದ್ದರು.

ಕರೆಸಿ ನೋಡಿದೆ. ಇದು ಅಲರ್ಜಿಯಲ್ಲ. ಫಂಗಸ್ ಸಾಯುವಾಗ ಮೈ ತೋರಿಸುವ ಪ್ರತಿಕ್ರಿಯೆ, ಇಡ್ ರಿಯಾಕ್ಷನ್ ಎನ್ನುತ್ತಾರೆ. ಕೇರಿಯಾನ್ ಇದ್ದ ಮಕ್ಕಳಲ್ಲಿ ಚಿಕಿತ್ಸೆ ಶುರುವಾದ ಹೊಸತರಲ್ಲಿ ಬರುವುದುಂಟು. ಗಟ್ಟಿ ಗುಳ್ಳೆಗಳು, ಮಗು ಆಡಿಕೊಂಡಿರುತ್ತದೆ. ಮದ್ದಿನ ಅಲರ್ಜಿಯಾದರೆ ಮೈಯೆಲ್ಲ ದಡಿಕೆ ಏಳುವುದು, ಮುಖ ಊದುವುದು, ಬಾಯಿ ಕಣ್ಣಲ್ಲಿ ಹುಣ್ಣು, ಜ್ವರ. ಅಂಥದ್ದು ಕಂಡರೆ ಮದ್ದು ನಿಲ್ಲಿಸಿ ಓಡಬೇಕು. ನೋಡದೆ ಫೋನಿನಲ್ಲೇ ಇದನ್ನು ತೀರ್ಮಾನಿಸುವುದು ನನಗಿಷ್ಟವಿಲ್ಲ. ತುರಿಕೆಗೆ ಸಿರಪ್ ಕೊಟ್ಟು ಮಾತ್ರೆ ಮುಂದುವರಿಸಿದೆ. ಕೆಲವೇ ದಿನಗಳಲ್ಲಿ ಗುಳ್ಳೆ ಹೋಯಿತು.

ನಾಲ್ಕು ವಾರಕ್ಕೆ ಊತ ಪೂರ್ತಿ ಇಳಿದಿತ್ತು, ಕೀವಿಲ್ಲ, ಅಂಚಿನಲ್ಲಿ ಹೊಸ ಕೂದಲಿನ ಮೊಳಕೆ. ಅಷ್ಟರಲ್ಲಿ ಕಲ್ಚರ್ ಬಂತು: ಟ್ರೈಕೋಫೈಟನ್ ವಯೋಲೇಸಿಯಮ್. ನಮ್ಮ ದೇಶದ ಮಕ್ಕಳ ತಲೆಯಲ್ಲಿ ಹೆಚ್ಚಾಗಿ ಸಿಗುವ ಫಂಗಸ್ಸೇ ಇದು, ಕಲ್ಚರ್‌ನಲ್ಲಿ ನೇರಳೆ ಬಣ್ಣಕ್ಕೆ ಬೆಳೆಯುತ್ತದೆ. ಎಂಟು ವಾರಕ್ಕೆ ಮತ್ತೆ ಕೂದಲು ಕಿತ್ತು ನೋಡಿದೆವು, ಒಳಗೆ ಏನೂ ಇರಲಿಲ್ಲ. ಮಾತ್ರೆ ನಿಲ್ಲಿಸಿದೆ. ಮಾತ್ರೆ ನಿಲ್ಲಿಸಬೇಕಾದದ್ದು ಈ ಪರೀಕ್ಷೆ ನೋಡಿ. ತುರಿಕೆ ಹೋಯಿತು, ಊತ ಇಳಿಯಿತು ಎಂದು ಮೂರನೇ ವಾರಕ್ಕೇ ಬಿಡುವವರಲ್ಲಿ ರೋಗ ಮರಳುತ್ತದೆ.

ಊತದ ನಡುವೆ ಅರ್ಧ ಸೆಂಟಿಮೀಟರಿನಷ್ಟು ಜಾಗ ಬೋಳಾಗಿ ಉಳಿಯಿತು. ಅಲ್ಲಿ ಕೂದಲಿನ ಬುಡವೇ ಸುಟ್ಟುಹೋಗಿದೆ, ಇನ್ನು ಬರುವುದಿಲ್ಲ. ಅಮ್ಮನಿಗೆ ಸುತ್ತಿಬಳಸದೆ ಹೇಳಿದೆ. 'ಜಡೆ ಹಾಕಿದ್ರೆ ಕಾಣುದಿಲ್ಲ ಬಿಡಿ ಡಾಕ್ಟ್ರೆ' ಎಂದರು. ಹೌದು, ಕಾಣುವುದಿಲ್ಲ. ಆದರೆ ಟ್ಯೂಬಿನ ಬದಲು ಜೂನ್‌ನಲ್ಲೇ ಮಾತ್ರೆ ಸಿಕ್ಕಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನು ಮಾವನ ಮಗ. ಎಂಟು ವರ್ಷದ ಹುಡುಗ. ಕರೆತರಲು ಬಹಳ ತಡ ಮಾಡಿದರು. ಅವನಪ್ಪನ ವಾದ, ತುರಿಕೆಯೂ ಇಲ್ಲದ ಹುಡುಗನಿಗೆ ವಾರಗಟ್ಟಲೆ ಮಾತ್ರೆ ಯಾಕೆ ಮಾರಾಯ್ರೆ ಎಂದು. ಹುಡುಗನ ನೆತ್ತಿಯಲ್ಲಿ ಪುಡಿ, ಅದರ ಕೆಳಗೆ ಐದಾರು ಕಪ್ಪು ಚುಕ್ಕಿ. ಕೂದಲಿನೊಳಗೆ ಅದೇ ಬೀಜಕಣಗಳು. ಮೊಬೈಲಿನಲ್ಲಿದ್ದ ಪುಟ್ಟಿಯ ಊತದ ಫೋಟೋವನ್ನು ಅವಳಮ್ಮನೇ ಅಣ್ಣನಿಗೆ ತೋರಿಸಿದರು. ಆಮೇಲೆ ವಾದ ಬರಲಿಲ್ಲ. ಅವನ ಚಿಕಿತ್ಸೆ ಆರು ವಾರಕ್ಕೆ ಮುಗಿಯಿತು, ಕಲೆ ಉಳಿಯಲಿಲ್ಲ. ಆ ಮನೆಯ ಉಳಿದ ಮಕ್ಕಳ ತಲೆಯನ್ನೂ ನೋಡಿದೆ. ಇನ್ನೊಬ್ಬಳಿಗೆ ಹೇನು ಇತ್ತು, ಫಂಗಸ್ ಯಾರಿಗೂ ಇರಲಿಲ್ಲ.